ಕಳ್ಳಕಾಗೆಯ ಹೊಲ

ಹಮದ್ ಕನ್ನಡಕ ಏರಿಸಿ ನಕಾಶೆಯ ಮೇಲೆ ಬಾಗಿದಾಗ ಸರ್ವೆಯರ್ ಪ್ರೇಮನಾಥ ಶಾಯಿ ಕೆರೆಯುವ ಬ್ಲೇಡನ್ನು ಜೇಬಿನಲ್ಲಿ ತಡವಿಕೊಂಡ. ಅರಬ್ ನಾಡಿನ ನಿಜ್ವಾ ಪಟ್ಟಣದ ಆಚೆಯ ಆ ಹಳ್ಳಿಯಲ್ಲಿ ಅಳತೆ ಮುಗಿದಿತ್ತು. ಪ್ರತಿ ಹೊಲಕ್ಕೂ ಊರವರು ಕರೆಯುವ ಹೆಸರು ಬರೆದು ಒಡೆಯನ ಸಹಿ ಹಾಕಿಸಬೇಕು; ಉಳಿದದ್ದು ಹಮದನೊಬ್ಬನದೇ. ಪುತ್ತೂರಿನಲ್ಲಿ ಪ್ರೇಮನಾಥನ ತಂಗಿಯ ಮದುವೆಗೆ ಇನ್ನು ಒಂಬತ್ತು ದಿನ. “ಸಹಿ ಎಲ್ಲ ಆಗ್ಲಿ, ಆಮೇಲೆ ರಜೆ ಮಾತಾಡೋಣ” ಎಂದಿದ್ದರು ಮೇಲಧಿಕಾರಿ ಶ್ಯಾಮಸುಂದರ.

ಹೆಸರುಗಳನ್ನು ಹೇಳಿದವನು ಪಕ್ಕದ ಹೊಲದ ಮುದುಕ ಅಲಿ. ಚಂದ್ರಮುಕುಟ ಹಕ್ಕಿ ಕುಕ್ಕಿದಲ್ಲೇ ನೀರು ಸಿಕ್ಕಿತೆಂದು ಒಂದು ಹೊಲಕ್ಕೆ ಅದರದೇ ಹೆಸರು. ಗೂಬೆ ಕೂಗಿದ ದಿನ ಯಾರೂ ಬಿತ್ತದ ಹೊಲ ಗೂಬೆ ಹೊಲ. ಹಮದನದು ಮಾತ್ರ ಕಳ್ಳಕಾಗೆಯ ಹೊಲ. ಯಾಕೆ ಎಂದು ಪ್ರೇಮನಾಥ ಕೇಳಿರಲಿಲ್ಲ. ಎಲ್ಲವೂ ಶಾಯಿಯಲ್ಲಿ ಮೂಡಿದ ಮೇಲೆ ಅಲಿಯೇ ನಗುತ್ತ ಹೇಳಿದ: ಹಮದನ ಅಜ್ಜ ಕಾಗೆಯ ಹಾಗೆ ಗಡಿಕಲ್ಲನ್ನೇ ಎತ್ತಿಕೊಂಡು ಬಂದು ಅಲಿಯ ಅಜ್ಜನ ಜಾಗದಲ್ಲಿ ಇಟ್ಟಿದ್ದನಂತೆ.

ಇವತ್ತು ತಮಾಷೆ ನೋಡಲು ಅಲಿ ಮೊದಲೇ ಬಂದು ಚಾಪೆಯ ಮೇಲೆ ಕುಳಿತಿದ್ದ.

“ಈ ಹೆಸರು ಹೇಳಿದ್ದು ಯಾರು?” ಹಮದ್ ತಲೆಯೆತ್ತದೆ ಕೇಳಿದ.

“ನಾನೇ,” ಅಂದ ಅಲಿ. “ನಿನ್ನಜ್ಜ ಕಲ್ಲು ಹೊತ್ತದ್ದು ಊರಿಗೇ ಗೊತ್ತು.”

ಪ್ರೇಮನಾಥ ಗಡಿಬಿಡಿಯಲ್ಲಿ ಕ್ಷಮೆ ಕೇಳಿ, ಹೆಸರನ್ನು ಕೆರೆದುಬಿಡುತ್ತೇನೆಂದು ಬ್ಲೇಡು ತೆಗೆದ. ಹಮದ್ ಅವನ ಕೈ ಹಿಡಿದು ತಡೆದ.

“ಇರಲಿ. ಎಲ್ಲಿಯ ತನಕ ಹೊತ್ತ, ಅಲಿ?”

“ಆ ಮೂರು ಖರ್ಜೂರದ ಮರಗಳ ತನಕ. ಮರಗಳನ್ನೂ ಸೇರಿಸಿ.”

“ಕೇಳಿದೆಯಲ್ಲ ಇಂಜಿನಿಯರ್,” ಹಮದ್ ಕನ್ನಡಕ ಒರೆಸಿದ. “ಕಲ್ಲು ಅಲ್ಲಿಗೆ ಹೋಗಿದ್ದರೆ ನನ್ನ ಗಡಿಯೂ ಅಲ್ಲೇ; ನೀನು ಗೆರೆಯನ್ನು ಮರಗಳ ಈಚೆಗೇ ನಿಲ್ಲಿಸಿದ್ದೀಯ. ಕಳ್ಳಕಾಗೆ ಅಂತ ಬೇಕಾದರೆ ಇನ್ನೂ ದಪ್ಪಗೆ ಬರಿ. ಮರಗಳನ್ನು ಒಳಗೆ ಹಾಕು, ಈಗಲೇ ಸಹಿ ಮಾಡುತ್ತೇನೆ.”

ಆ ಮರಗಳ ಹಣ್ಣನ್ನು ನಲವತ್ತು ವರ್ಷದಿಂದ ಕೊಯ್ಯುತ್ತಿದ್ದವನು ಅಲಿ. ಗೆರೆ ಎಲ್ಲಿ ಎಳೆಯಬೇಕೆಂದು ಬೆರಳಿಟ್ಟು ತೋರಿಸಿದವನೂ ಅವನೇ. ಅಲಿ ಗಡ್ಡ ತುರಿಸಿಕೊಂಡ, ಹಮದನ ಬಟ್ಟಲಿಗೆ ಕಾಫಿ ಬಗ್ಗಿಸಿದ, ಆಮೇಲೆ ನಕಾಶೆಯ ಹತ್ತಿರ ಸರಿದು ಕುಳಿತ.

“ವಯಸ್ಸಾಯಿತು ನೋಡು, ಇಂಜಿನಿಯರ್, ನೆನಪು ತಪ್ಪುತ್ತದೆ. ಅದು ಕಾಗೆಯಲ್ಲ, ಪಾರಿವಾಳ. ಇವನಜ್ಜ ಪಾರಿವಾಳದಂಥ ಮನುಷ್ಯ.”

ಹಮದ್ ಪೆನ್ನಿಗೆ ಕೈ ಚಾಚಿದ. ಪ್ರೇಮನಾಥ ಕಾಗೆಯನ್ನು ಮೆಲ್ಲಗೆ ಕೆರೆಯತೊಡಗಿದ. ಎದ್ದ ಶಾಯಿಯ ಪುಡಿಯನ್ನು, ಒಂದು ಕಣವೂ ಉಳಿಯದಂತೆ, ಅಲಿಯೇ ಬಾಗಿ ಊದಿದ.