ಅರ್ಧ ಮಾತ್ರೆ

"ಅಪ್ಪ ಹೋದ್ಮೇಲೆ ದುಡ್ಡಿಗೆ ಕಷ್ಟ ಆಗಿದೆ ಪುಟ್ಟಿ. ಈ ಮನೆ ಬಿಡ್ಬೇಕು," ಎಂದು ದರ್ಜಿ ತಾಯಿ ಹೊಲಿಗೆ ನಿಲ್ಲಿಸಿ ಹೇಳಿದಳು.

ಒಂಬತ್ತು ವರ್ಷದ ಮಗಳು ತಲೆಯೆತ್ತಲಿಲ್ಲ. "ದುಡ್ಡಿಲ್ಲ ಅಂತ ನಂಗೊತ್ತು. ಅಪ್ಪ ಹಾರ್ಟಿನ ಮಾತ್ರೇನ ನಿನ್ನ ಬ್ಲೇಡಲ್ಲಿ ಅರ್ಧ ಮಾಡಿ ನುಂಗ್ತಿದ್ರು. ಅಮ್ಮಂಗೆ ಹೇಳ್ಬೇಡ ಅಂದಿದ್ರು."

ತಾಯಿ ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಬ್ಲೇಡಿನತ್ತ ನೋಡಿದಳು. ಹೊಲಿಗೆ ಬಿಚ್ಚುವ ಬ್ಲೇಡಿಗೆ ಅಂಟಿರುತ್ತಿದ್ದ ಬಿಳಿ ಪುಡಿಯನ್ನು ಅವಳು ಬಟ್ಟೆಗೆ ಗುರುತು ಹಾಕುವ ಬಳಪದ್ದೆಂದು ದಿನವೂ ಒರೆಸುತ್ತಿದ್ದಳು.

"ನಾನು ಹೇಳಿದ್ರೆ ಅಪ್ಪ ಬದುಕ್ತಿದ್ರಾ ಅಮ್ಮಾ?"

ತಿಂಗಳಿಂದ ಮಗಳಿಗೆ ಅನ್ನ ಸೇರದಿದ್ದುದು ಯಾಕೆಂದು ಈಗ ತಿಳಿಯಿತು. ತಾಯಿ ಅವಳನ್ನು ಮಡಿಲಿಗೆಳೆದುಕೊಂಡಳು. "ಗೊತ್ತಿಲ್ಲ ಕಂದಾ. ಆದ್ರೆ ಅಷ್ಟು ದೊಡ್ಡ ಗುಟ್ಟು ನಿನ್ನ ತಲೆ ಮೇಲೆ ಹೊರಿಸಿದ್ದು ಅಪ್ಪನ ತಪ್ಪು. ನಿಂದಲ್ಲ."

ಸತ್ತ ಗಂಡನನ್ನು ಅವಳು ದೂರಿದ್ದು ಅದೇ ಮೊದಲು. ಒಳಕೋಣೆಯಲ್ಲಿ ಅವನು ಕೆಮ್ಮಿದಂತಾಯಿತು. ಅವಳು ತಿರುಗಿ ನೋಡಲಿಲ್ಲ. ಮಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.