ಕೊಡುಗೈ ಕಟ್ಟು

"ಇದೇನಕ್ಕ, ಹೊಡೆಯೋ ಕಾರ್ಡೇ ಇಲ್ವಲ್ಲ ಇದ್ರಲ್ಲಿ!" ಎಂದು ತಮ್ಮ ನಕ್ಕ. ಅಕ್ಕ ತನ್ನ ಮುಂದೆ ಸಾಲಾಗಿ ಇಟ್ಟಿದ್ದು ಮೂರು ಗೋಡೆ, ಒಬ್ಬ ವೈದ್ಯ, ಎರಡೂ ಕೈ ಚಾಚಿ ನಿಂತ ಒಬ್ಬ ದಾನಿ.

"ಅವಳು ಯಾವತ್ತು ಹೊಡ್ಯೋಕೆ ಬಂದಿದ್ಳು ಹೇಳು," ಎಂದ ಅಣ್ಣ. "ಒಂದ್ಸಲ ಬರೀ ಕುರ್ಚಿ ಚಿತ್ರ ಇರೋ ಕಾರ್ಡುಗಳನ್ನೇ ಆರಿಸ್ಕೊಂಡು ಬಂದಿದ್ಳು. ಅದಕ್ಕೆ ಮುಂಚೆ ಟೋಪಿ ಹಾಕ್ಕೊಂಡವರು. ಕೂರ್ಸಿ ಟೋಪಿ ಹಾಕಿ ಕಳಿಸಿದ್ವಿ."

ಅದು ಇಸ್ಪೀಟಲ್ಲ. ಆಡುವವರು ಸಾವಿರಾರು ಚಿತ್ರದ ಕಾರ್ಡುಗಳಲ್ಲಿ ತಮಗೆ ಬೇಕಾದ ಅರವತ್ತನ್ನು ಆರಿಸಿ ತಮ್ಮದೇ ಕಟ್ಟು ಮಾಡಿಕೊಂಡು ಬರಬೇಕು. ಸರದಿಗೊಂದರಂತೆ ಕಟ್ಟಿನಿಂದ ಕಾರ್ಡು ಎಳೆದು, ಎದುರಾಳಿಗಳ ಇಪ್ಪತ್ತಿಪ್ಪತ್ತು ಪ್ರಾಣವನ್ನು ಕಳೆಯಬೇಕು. ಮಾತಿನಲ್ಲಿ ಮುಗಿಯದ ಜಗಳ ಈ ಆಟದಲ್ಲಿ ಮುಗಿಯಬೇಕೆಂದು, ಮೂರು ಮಕ್ಕಳ ಕಿರುಚಾಟ ತಾಳಲಾರದೆ ಅಪ್ಪ ಎಂದೋ ಕಟ್ಟಳೆ ಮಾಡಿದ್ದರು. ಕಿಟಕಿ ಪಕ್ಕದ ಹಾಸಿಗೆ, ಮನೆಗೊಂದೇ ಇದ್ದ ಸೈಕಲ್ಲು, ಮಹಡಿಯ ಕೋಣೆ ಎಲ್ಲವೂ ಹೀಗೇ ತೀರ್ಮಾನವಾಗಿದ್ದವು. ನಡುವಿನವಳಿಗೆ ಅದರಲ್ಲಿ ಒಂದೂ ದಕ್ಕಿರಲಿಲ್ಲ.

ಅಪ್ಪ ತೀರಿಕೊಂಡ ಮೇಲಿನ ಈ ಮೊದಲ ಆಟಕ್ಕೆ ಪಣವಾಗಿದ್ದದ್ದು ಅವರ ಬೀಗದ ಅಂಗಡಿಯೇ. ಆಡುತ್ತಿದ್ದದ್ದೂ ಅಲ್ಲೇ, ಬೀಗದ ಕೈ ಕೊರೆಯುವ ಯಂತ್ರದ ಪಕ್ಕ. ಅಣ್ಣನಿಗೆ ಆ ಜಾಗ ಟೈರುಗಳ ಗೋದಾಮಿಗೆ ಬೇಕಿತ್ತು. ತಮ್ಮನಿಗೆ ಅಲ್ಲಿ ತನ್ನ ಬಾಮೈದನಿಗೊಂದು ಮೊಬೈಲ್ ಅಂಗಡಿ ಹಾಕಿಕೊಡಬೇಕಿತ್ತು. ಹನ್ನೆರಡು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು ಊರಿನ ಬೀಗಗಳಿಗೆಲ್ಲ ಕೈ ಮಾಡಿಕೊಟ್ಟವಳಿಗೆ ಮುಂದೆಯೂ ಅಲ್ಲೇ ಕೂರಬೇಕಿತ್ತು, ಅಷ್ಟೇ. ಕಟ್ಟಳೆಯಂತೆ ಆಡೋಣ ಎಂದು ಅವಳು ಅಂದಾಗ ಅಣ್ಣತಮ್ಮಂದಿರು ತಕ್ಷಣ ಒಪ್ಪಿದ್ದರು. ಇಬ್ಬರೂ ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ದಾನಿಯ ಕೆಲಸ ಸರಳ. ಅಕ್ಕನ ಸರದಿ ಬಂದಾಗಲೆಲ್ಲ ಉಳಿದಿಬ್ಬರೂ ತಂತಮ್ಮ ಕಟ್ಟಿನಿಂದ ಎರಡು ಕಾರ್ಡು ಹೆಚ್ಚಿಗೆ ಎಳೆದುಕೊಳ್ಳಬಹುದು.

"ಅಣ್ಣ, ಬೇಕಾ?"

"ಇದನ್ನೂ ಕೇಳ್ತಾರಾ?"

"ನಿಂಗೋ?"

"ಪುಕ್ಕಟೆ ಬಂದಿದ್ದು ಯಾರಿಗೆ ಬೇಡಕ್ಕ!"

ಅಣ್ಣನ ಕೈಯಲ್ಲಿ ಡ್ರ್ಯಾಗನ್‌ಗಳು ತುಂಬಿದವು, ತಮ್ಮನ ಕೈಯಲ್ಲಿ ಕಳ್ಳರು. ಇಬ್ಬರೂ ಒಬ್ಬರ ಮೇಲೊಬ್ಬರು ಮುಗಿಬಿದ್ದರು. ಬಿಟ್ಟಿ ಕಾರ್ಡು ಕೊಡುವವಳ ತಂಟೆಗೆ ಯಾರೂ ಹೋಗಲಿಲ್ಲ. ಅಣ್ಣನ ಪ್ರಾಣ ಮೂರಕ್ಕೆ ಇಳಿದಾಗ ಅವಳ ವೈದ್ಯ ಅದನ್ನು ಹತ್ತಕ್ಕೇರಿಸಿದ. ತಮ್ಮ ರೇಗಿದ. ಮುಂದಿನ ಸುತ್ತಿನಲ್ಲಿ ಅದೇ ವೈದ್ಯ ಅವನನ್ನೂ ಉಳಿಸಿದ, ರೇಗಿದ್ದು ಮರೆತುಹೋಯಿತು.

ನಡುವೆ ಒಬ್ಬ ಗಿರಾಕಿ ಬಂದ. ಅಂಗಡಿಗಾಗಿ ಜೀವ ಬಿಡುತ್ತಿದ್ದ ಇಬ್ಬರೂ ಕಾರ್ಡುಗಳಿಂದ ತಲೆ ಎತ್ತಲಿಲ್ಲ. ಅವಳೇ ಎದ್ದು, ಬೀಗದ ಕೈಗೆ ಹಲ್ಲು ಕೊರೆದು, ಹಿತ್ತಾಳೆಯ ಪುಡಿ ಊದಿ, ಗಿರಾಕಿಯ ಬೀಗದಲ್ಲಿ ಎರಡು ಸಲ ತಿರುಗಿಸಿ ನೋಡಿ ಕೊಟ್ಟು ಬಂದಳು. ಅವಳಿಗೆ ಒಳಗೇ ಭಯ. ಸೋತರೆ ನಾಳೆ ಬೆಳಿಗ್ಗೆ ತಿಂಡಿ ತಿಂದು ಎಲ್ಲಿಗೆ ಹೋಗಬೇಕೆಂಬುದೇ ಅವಳಿಗೆ ತಿಳಿಯದು. ಕೂತವಳೇ ಇನ್ನೊಬ್ಬ ದಾನಿಯನ್ನು ಇಟ್ಟಳು.

"ಈಗ ನಾಲ್ಕು. ಬೇಕಾ?"

"ನಾಲ್ಕಾದ್ರೆ ನಾಲ್ಕು. ಪ್ರತಿ ಸಲ ಕೇಳ್ತಾ ಕೂರ್ಬೇಡ ಕಣೇ, ತಲೆ ತಿನ್ಬೇಡ," ಎಂದ ಅಣ್ಣ.

ಆದರೂ ಅವಳು ಪ್ರತಿ ಸುತ್ತಿನಲ್ಲೂ ಕೇಳಿದಳು. ಅವರು ಎಳೆದುಕೊಳ್ಳುತ್ತಲೇ ಹೋದರು. ಕಟ್ಟಿನಲ್ಲಿ ಉಳಿದದ್ದೆಷ್ಟು ಎಂದು ಒಬ್ಬನೂ ನೋಡಲಿಲ್ಲ.

ಕೊನೆಗೆ ಅಣ್ಣ ಏಳು ಡ್ರ್ಯಾಗನ್‌ಗಳನ್ನು ಸಾಲು ನಿಲ್ಲಿಸಿ, "ಈಗ ನೋಡು ಮಜಾ," ಎಂದು ತನ್ನ ಸರದಿಯ ಕಾರ್ಡು ಎಳೆಯಲು ಕೈ ಚಾಚಿದ. ಬೆರಳಿಗೆ ಮೇಜಿನ ಮರ ತಾಗಿತು. ಸರದಿ ಬಂದಾಗ ಎಳೆಯಲು ಕಾರ್ಡಿಲ್ಲದವನು ಸೋತ ಎಂಬ ನಿಯಮ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಅಚ್ಚಾಗಿತ್ತು. ಆದರೆ ಆ ಮನೆಯಲ್ಲಿ ಹಾಗೆ ಸೋತವರೇ ಇರಲಿಲ್ಲ. ಅಷ್ಟು ಹೊತ್ತಿಗೆ ಯಾರಾದರೊಬ್ಬರು ಮಿಕ್ಕವರನ್ನು ಹೊಡೆದು ಮುಗಿಸಿರುತ್ತಿದ್ದರು.

"ಅಣ್ಣ ಔಟ್!" ತಮ್ಮ ಮೇಜು ಕುಟ್ಟಿ ನಕ್ಕ. "ಕೈ ತುಂಬ ಇಟ್ಕೊಂಡು ಔಟ್!" ನಗುತ್ತಲೇ ತನ್ನ ಕಟ್ಟಿಗೆ ಕೈ ಹಾಕಿದ. ಅಲ್ಲೂ ಏನಿರಲಿಲ್ಲ. ಅವನ ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಅಕ್ಕನ ಕಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಡು ಹಾಗೇ ಇದ್ದವು.

ಅಣ್ಣ ದಾನಿಯ ಕಾರ್ಡನ್ನು ಎತ್ತಿಕೊಂಡು, ಕೆಳಗಿನ ಸಣ್ಣಕ್ಷರವನ್ನು ಅಂದು ಮೊದಲ ಸಲ ಓದಿದ. "'ಇಷ್ಟವಿದ್ದರೆ ಎಳೆದುಕೊಳ್ಳಬಹುದು' ಅಂತಿದೆ ಇಲ್ಲಿ."

"ಹೂಂ, ಅದಕ್ಕೇ ಕೇಳ್ತಿದ್ದೆ."

ಅವನಿಗೆ ಸಿಟ್ಟು ಬಂದಿತ್ತು, ಅದನ್ನು ಯಾರ ಮೇಲೆ ಹಾಕಬೇಕೆಂದು ತೋಚಲಿಲ್ಲ. ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಮೊದ್ಲು ಯಾರ ಜೊತೆಗಾದ್ರೂ ಆಡಿದ್ಯಾ ಈ ಕಟ್ಟನ್ನ?"

"ಪಕ್ಕದಂಗಡಿ ದರ್ಜಿ ಜೊತೆ ನಾಲ್ಕು ಸಲ ಆಡ್ದೆ," ಎಂದಳು ಅವಳು, ಕಾರ್ಡುಗಳನ್ನು ಒಟ್ಟುಮಾಡುತ್ತ. "ನಾಲ್ಕು ಸಲವೂ ಸೋತೆ ಅಣ್ಣ. ಎರಡು ಸುತ್ತು ತಗೊಂಡು, ಸಾಕು ಅಂದ್ಬಿಡ್ತಾರೆ ಅವ್ರು."