ಒಂದೇ ಗ್ಯಾಸ್ಕೆಟ್

“ತಪ್ಪು ತಿಳ್ಕೋಬ್ಯಾಡ ದೋಸ್ತ, ನಿನ್ನ ಇಂಜಿನ್ ಮ್ಯಾಲೆ ನಂದೊಂದು ತಕರಾರು ಐತಿ,” ಎಂದು ಅಮರ ಹೇಳಿದ್ದು ಕಲ್ಮೇಶನ ಹೆಗಲ ಮೇಲಿನ ಕೈ ತೆಗೆಯದೆಯೇ. ಕಾರ್ ರೇಸಿನ ಬೆಳಗಿನ ಸುತ್ತಿನಲ್ಲಿ ಅವನಿಗಿಂತ ಎರಡು ಸೆಕೆಂಡ್ ಮುಂದೆ ಬಂದ ಕಲ್ಮೇಶ ಇನ್ನೂ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿರಲಿಲ್ಲ. ಭತ್ತ ಕೊಯ್ದ ಖಾನಾಪುರದ ಹೊಲದಲ್ಲಿ ಎದ್ದ ಕೆಂಪು ಧೂಳು ಇನ್ನೂ ಕೂತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಫೈನಲ್. ಮೂರೇ ಕಾರು, ಮೂರೂ ಹಳೆಯ ಮಾರುತಿ: ಕಲ್ಮೇಶನದು, ಅಮರನದು, ಹನ್ನೊಂದು ಸೆಕೆಂಡ್ ಹಿಂದೆ ಬಿದ್ದಿದ್ದ ಅನಿಕೇತನದು. ಗೆದ್ದವನನ್ನು ಕ್ಲಬ್ಬು ಕೊಯಿಮತ್ತೂರಿನ ಡಾಂಬರು ಟ್ರ್ಯಾಕಿಗೆ ಕಳಿಸುತ್ತಿತ್ತು. ಕಲ್ಮೇಶ ಮೂರು ವರ್ಷದಿಂದ ಅದಕ್ಕೇ ಕಾದಿದ್ದ.

ಕ್ಲಬ್ಬಿನ ಅಧ್ಯಕ್ಷ ಈರಯ್ಯ, ಶಿವಬಸವ ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಚೀಲದಿಂದ ನಿಯಮದ ಪುಸ್ತಕ ತೆಗೆದ. ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡು ಬೈಂಡಿಂಗ್ ಮಾಡಿಸಿದ್ದ ಆ ಪುಸ್ತಕವನ್ನು ಅಂದಿನವರೆಗೆ ಅವನೂ ಓದಿರಲಿಲ್ಲ. “ಸಿಲಿಂಡರ್ ಕೊರದು ದೊಡ್ಡದು ಮಾಡ್ಯಾರಂತ ತಕರಾರು ಬಂದ್ರ, ಇಂಜಿನ್ನಿನ ಮ್ಯಾಲಿನ ಹೆಡ್ ಬಿಚ್ಚಿ ಅಳೀಬೇಕಂತ ಬರದೈತಿ,” ಎಂದು ಓದಿ, ತಲೆ ಎತ್ತಿ ಕೇಳಿದ, “ಯಾರು ಬಿಚ್ಚಾವ್ರು?”

ಬೆನ್ನ ಮೇಲೆ ‘ಒಂದೇ ಕುಟುಂಬ’ ಎಂದು ಬರೆಸಿದ್ದ ಟೀ ಶರ್ಟಿನ ಇಪ್ಪತ್ತು ಮಂದಿಯೂ ಕಲ್ಮೇಶನ ಕಡೆ ತಿರುಗಿದರು. ಕ್ಲಬ್ಬಿನಲ್ಲಿ ಕೈಗೆ ಗ್ರೀಸು ಹತ್ತಿಸಿಕೊಂಡವನು ಒಬ್ಬನೇ. ಮಚ್ಛೆಯ ಕಾರ್ಖಾನೆಯಲ್ಲಿ ಲೇಥ್ ನಡೆಸುವ ಕಲ್ಮೇಶ, ರವಿವಾರಕ್ಕೊಬ್ಬರಂತೆ ಎಲ್ಲರ ಇಂಜಿನ್ನೂ ಕಟ್ಟಿಕೊಟ್ಟಿದ್ದ. ಆ ಉಪಕಾರಕ್ಕೆ ಅವರು ಅವನನ್ನು ‘ನಮ್ಮ ಕಲ್ಮ್ಯಾ’ ಎಂದು ಕರೆಯುತ್ತಿದ್ದರು.

“ನೀನಽ ಬಿಚ್ಚಿಬಿಡು ತಮ್ಮಾ,” ಎಂದ ಈರಯ್ಯ.

“ಕಳ್ಳನೂ ನಾನಽ, ಫೌಜದಾರನೂ ನಾನಽ ಅನ್ರಿ.”

“ನಿನ್ನ ಮ್ಯಾಲೆ ನಮಗ ಅಷ್ಟು ಭರೋಸ ಐತೋ,” ಎಂದ ಅಮರ.

ಇಂಜಿನ್ ಆರುವುದಕ್ಕೇ ಒಂದು ತಾಸು ಹೋಯಿತು. ಕಲ್ಮೇಶ ಹೆಡ್ ಎತ್ತಿ ಅಳೆದು ತೋರಿಸಿದ. ಅಮರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. “ನನಗ ಮೊದಲಽ ಗೊತ್ತಿತ್ತು ದೋಸ್ತ,” ಎಂದು ತಬ್ಬಿಕೊಂಡ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕಲ್ಮೇಶನ ಕೈಯಲ್ಲಿ ಹರಿದ ಗ್ಯಾಸ್ಕೆಟ್ ಇತ್ತು. ಹೆಡ್ಡಿನ ಕೆಳಗೆ ಕೂರುವ ಆ ತೆಳ್ಳನೆಯ ಹಾಳೆ, ಒಮ್ಮೆ ಎತ್ತಿದರೆ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಹೊಸದೇ ಬೇಕು. ರವಿವಾರ ಬೆಳಗಾವಿಯ ಅಂಗಡಿಗಳೆಲ್ಲ ಬಂದ್. ಹೊಸದು ಇದ್ದದ್ದು ಒಂದೇ ಕಡೆ, ಅಮರನ ಡಿಕ್ಕಿಯಲ್ಲಿ. ಹೋದ ತಿಂಗಳು ಕಲ್ಮೇಶನೇ ಅದನ್ನು ತಂದು ಅಲ್ಲಿ ಇಟ್ಟಿದ್ದ.

“ಕೊಡೋ ಅದನ್ನ.”

“ಕೊಡ್ತಿದ್ನಿ. ಆದ್ರ ನಂದಽ ಏನರ ಕೆಟ್ರ ಹೆಂಗಲೇ?”

ಕಲ್ಮೇಶ ನಿಧಾನಕ್ಕೆ ಅರಿವೆಯಿಂದ ಕೈ ಒರೆಸಿಕೊಂಡ. ತಕರಾರು ಯಾತಕ್ಕೆ ಬಂದಿತ್ತೆಂದು ಅವನಿಗೆ ಆಗ ತಿಳಿಯಿತು. “ಅಧ್ಯಕ್ಷರ, ಪುಸ್ತಕ ಮುಚ್ಚಬ್ಯಾಡ್ರಿ. ನಂದೂ ಒಂದು ತಕರಾರು ಬರಕೋರಿ. ಅಮರನ ಗಾಡಿ ಮ್ಯಾಲೆ.”

ಅಮರನ ಹೆಡ್ಡನ್ನು ಅವನು ಮುಕ್ಕಾಲು ತಾಸಿನಲ್ಲೇ ಎತ್ತಿದ. ಅಳತೆ ಅಲ್ಲಿಯೂ ಸರಿಯಾಗಿತ್ತು, ಗ್ಯಾಸ್ಕೆಟ್ಟು ಅಲ್ಲಿಯೂ ಹರಿದಿತ್ತು.

“ಗೊತ್ತಿತ್ತಲ್ಲಲೇ ನಿನಗ? ಇದನ್ನ ಕಟ್ಟಿದಾಂವಽ ನೀನು.”

“ನಿನಗೂ ಗೊತ್ತಿತ್ತು ಅಂದ್ಯಲ್ಲ.”

ಎರಡು ಕಾರು, ಒಂದು ಗ್ಯಾಸ್ಕೆಟ್. ಹೊತ್ತು ಮಧ್ಯಾಹ್ನ ಒಂದು ಗಂಟೆ. ಹೆಡ್ ಕೂಡಿಸುವುದಕ್ಕೆ ಒಂದೂವರೆ ತಾಸು ಬೇಕು. ಇಬ್ಬರೂ ಬದುವಿನ ಮೇಲೆ ಕೂತರು. ನಡುವೆ, ಕವರು ಒಡೆಯದ ಗ್ಯಾಸ್ಕೆಟ್ಟು ಬಿಸಿಲಿಗೆ ಹೊಳೆಯುತ್ತಿತ್ತು.

“ಗ್ಯಾಸ್ಕೆಟ್ ನಂದು,” ಎಂದ ಅಮರ.

“ಕೈ ನಂದು.”

“ನನ್ನ ಗಾಡಿಗೆ ಕೂಡಿಸು. ಕೊಯಿಮತ್ತೂರಿಗೆ ನಿನ್ನೂ ಕರಕೊಂಡು ಹೋಗ್ತೀನಿ, ಮೆಕ್ಯಾನಿಕ್ ಅಂತ.”

“ನನ್ನ ಗಾಡಿಗೆ ಕೊಡು. ನಿನ್ನೂ ಕರಕೊಂಡು ಹೋಗ್ತೀನಿ, ಹೆಲ್ಮೆಟ್ ಹಿಡಿಯಾಕ.”

ಈರಯ್ಯ ಬಂದು ಕುಟುಂಬದ ಬಗ್ಗೆ ನಾಲ್ಕು ಮಾತು ಹೇಳಿ ಹೋದ. ಅಮರ ಮನೆಯಿಂದ ತಂದ ಡಬ್ಬಿ ಬಿಚ್ಚಿದ. ಇಬ್ಬರೂ ಅದರಲ್ಲೇ ಕೈ ಹಾಕಿ ಚಪಾತಿ, ಹೆಸರುಕಾಳಿನ ಪಲ್ಯ ತಿಂದರು. ಪಲ್ಯ ಚಲೋ ಆಗಿದೆ ಎಂದು ಕಲ್ಮೇಶ ಹೇಳಿದ. ನಿಜಕ್ಕೂ ಚಲೋ ಆಗಿತ್ತು. ಒಂದೂವರೆಗೆ ಕೊಟ್ಟಿದ್ದರೂ ಕೆಲಸ ಆಗುತ್ತಿತ್ತು. ಎರಡು ಗಂಟೆಗೆ ಕೊಟ್ಟರೂ ಆಗುತ್ತಿರಲಿಲ್ಲ. ಎರಡು ಹೊಡೆದ ಮೇಲೆ ಕಲ್ಮೇಶನಿಗೆ ಒಂದು ಬಗೆಯ ಹಗುರ ಅನಿಸಿತು. ಬಾಜುವಿಗೆ ನೋಡಿದರೆ ಅಮರನ ಮುಖವೂ ಹಾಗೇ ಇತ್ತು. ತಾನು ಹೋಗುವುದಿಲ್ಲ, ಸರಿ. ಇವನೂ ಹೋಗುವುದಿಲ್ಲವಲ್ಲ.

ಮೂರಕ್ಕೆ ಈರಯ್ಯ ಬಾವುಟ ಬೀಸಿದ. ಅನಿಕೇತ ಒಬ್ಬನೇ ಹೊರಟ. ಪುಸ್ತಕದ ಪ್ರಕಾರ ಐದು ಸುತ್ತು. ಮೂರನೆಯ ಸುತ್ತಿಗೆ, ಬಾಜು ಹೊಲದಲ್ಲಿ ಮುಂಜಾನೆಯಿಂದ ಕಾದು ಕೂತಿದ್ದ ಕುರಿಗಾಹಿ ಮುದುಕಿ ಕಾಡವ್ವ, ಒಂದೇ ಗಾಡಿ ತಿರುಗುವುದನ್ನು ಕಂಡು, ಆಟ ಮುಗಿಯಿತೆಂದು ತಿಳಿದು ಕೂಳೆಗೆ ಕುರಿ ಬಿಟ್ಟಳು. ಬದುವಿಗೆ ಬಂದು ಇಬ್ಬರನ್ನೂ ಕೇಳಿದಳು, “ಯಪ್ಪಾ, ಆಂವ ಯಾರ ಜೋಡಿ ಓಡಾಕತ್ತಾನ?”

ಅನಿಕೇತ ಹಾರ್ನ್ ಹೊಡೆದ. ಕುರಿಗಳು ಟ್ರ್ಯಾಕಿನ ನಡುವೆಯೇ ಮೇಯುತ್ತ ನಿಂತವು. ಈರಯ್ಯ ಕೈಯಲ್ಲಿ ಓಡುತ್ತಿದ್ದ ಸ್ಟಾಪ್‌ವಾಚನ್ನು ಗಂಭೀರವಾಗಿ ನೋಡುತ್ತಿದ್ದ. ಕೊನೆಯ ಮರಿ ದಾಟುವವರೆಗೆ ಅನಿಕೇತ ಬ್ರೇಕ್ ಹಿಡಿದು ಕಾದ. ಆಮೇಲೆ ಇಂಡಿಕೇಟರ್ ಹಾಕಿ, ಬಲಕ್ಕೆ ತಿರುವಿಕೊಂಡು ಹೋಗಿ, ಫೈನಲ್ ಗೆದ್ದ.